ಬಲಗಾಲು ಮುಂದೆ

ಐದನೇ ರೌಂಡು ಮುಗಿದ ಗಂಟೆ ಹೊಡೆದಾಗ ಯೂನುಸ ಹೊಲಿಗೆ ಮಷೀನಿನ ಪೆಡಲಿನಿಂದ ಕಾಲು ತೆಗೆದ. ದಾರದ ರೀಲುಗಳಿಗೆ ಆನಿಸಿ ನಿಲ್ಲಿಸಿದ್ದ ಫೋನಿನಲ್ಲಿ ಮೆಕ್ಸಿಕೋದ ಬಾಕ್ಸರ್ ತನ್ನ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಯಾರೋ ಅವನ ಎದೆಗೆ ನೀರು ಸುರಿಯುತ್ತಿದ್ದರು.

"ಇಂವಂದು ಮುಗೀತು," ಎಂದ ಯೂನುಸ. "ಇನ್ನೊಂದು ರೌಂಡು. ಭಾಳಂದ್ರ ಎರಡು."

"ಏನೋ ಜಡ್ಜಸಾಬ, ಇಷ್ಟೊತ್ತನಾ ಹೊಡದಾಂವ ಇಂವನೇ," ಎಂದ ಖಂಡಪ್ಪ ಚಹಾದ ಗ್ಲಾಸು ಕೆಳಗಿಟ್ಟು. "ಜಪಾನಿನವನ ಮೂಗು ನೋಡು, ಹಣ್ಣಾದ ಟಮಾಟಿ ಆಗ್ಯಾದ."

"ಮೂಗು ಬಿಡು, ಬಾಯಿ ನೋಡು. ಇಂವ ಬಾಯಿಲೆ ಉಸಿರು ತಗೊಳ್ಳಲತ್ತಾನ. ಆಂವ ಇನ್ನೂ ಬಾಯಿ ಬಿಟ್ಟಿಲ್ಲ."

ಖಂಡಪ್ಪ ಎದುರಿನ ಬಿಲ್ಡಿಂಗಿನ ವಾಚ್‌ಮನ್. ಊರು ಆಳಂದದ ಹತ್ತಿರ. ಪಾಳಿ ಮುಗಿಸಿ ಮನೆಗೆ ಹೋಗುವ ಮೊದಲು ಭಾನುವಾರಗಳಲ್ಲಿ ಈ ಅಂಗಡಿಯಲ್ಲಿ ಕೂಡುತ್ತಾನೆ. ಅಮೆರಿಕದ ಶನಿವಾರ ರಾತ್ರಿ ಎಂದರೆ ಕುರ್ಲಾದ ಭಾನುವಾರ ಬೆಳಗು. ದೊಡ್ಡ ಫೈಟುಗಳೆಲ್ಲ ಯೂನುಸನ ಅಂಗಡಿಗೆ ಚಹಾ ಬರುವ ಹೊತ್ತಿಗೇ ನಡೆಯುತ್ತವೆ. ಕೈಯಲ್ಲಿ ಒಮ್ಮೆಯೂ ಗ್ಲೋವ್ಸ್ ತೊಡದ ಈ ಟೈಲರ್ ಇಪ್ಪತ್ತು ವರ್ಷಗಳಿಂದ ಒಂದು ಫೈಟನ್ನೂ ಬಿಟ್ಟವನಲ್ಲ. ಅವನು ಹೇಳಿದ್ದು ಹತ್ತಕ್ಕೆ ಎಂಟು ಸಲ ನಿಜವಾಗುತ್ತಿತ್ತು. ಹಾಗಾಗಿ ಚಾಳಿನವರಿಗೆ ಅವನು ಜಡ್ಜಸಾಬ.

ಆರನೇ ರೌಂಡಿನ ನಡುವೆ ಜಪಾನಿನವನು ಸುಮ್ಮನೆ ಬಗ್ಗಿದಂತೆ ಬಗ್ಗಿ ಪಕ್ಕೆಲುಬಿನ ಕೆಳಗೆ ಒಂದು ಏಟು ಕೊಟ್ಟ. ಮೆಕ್ಸಿಕೋದವನು ಒಂದು ಹೆಜ್ಜೆ ಹಿಂದೆ ಸರಿದ, ಏನೋ ಮರೆತವನಂತೆ ನಿಂತ, ಆಮೇಲೆ ಮೊಣಕಾಲೂರಿದ.

"ಎಂಥಾ ಬಲಗೈ ಹೊಡ್ತ ಅದು," ಎಂದ ಖಂಡಪ್ಪ.

"ಎಡಗೈ ಅದು. ಚಡ್ಡಿ ಮ್ಯಾಲಿನ ಅಕ್ಷರ ನೋಡು, ಕನ್ನಡಿಯಾಗ ಕಂಡಂಗ ಉಲ್ಟಾ ಅದಾವ. ಕದ್ದು ಹಾಕೋ ಮಂದಿ ಕಂಪನಿ ಕೈಗೆ ಸಿಗಬಾರದಂತ ವಿಡಿಯೋ ತಿರುಗಿಸಿ ಹಾಕ್ತಾರ. ಕಲಿಜಾ ಅಂದ್ರ ಲಿವರ್ ಬಲಕ್ಕಿರ್ತದ, ಎಡಗೈಲೆ ಹೊಡದ್ರನೇ ಮನಷ್ಯಾ ಹಿಂಗ ಕೂಡೋದು."

"ನಿನಗ ತಲಿ ತಿರುಗಲ್ಲೇನು?"

"ರೂಢಿ ಆಗ್ಯಾದ. ಅಕ್ಷರ ಉಲ್ಟಾ ಕಂಡ್ರ ಕಣ್ಣೇ ತಿರುಗಿಸಿ ಕೊಡ್ತದ."

ರೆಫ್ರಿ ಹತ್ತರವರೆಗೆ ಎಣಿಸಿದ. ಯೂನುಸನಿಗೆ ಗೆದ್ದವನಿಗಿಂತ, ಮೊದಲೇ ಆಟ ನಿಲ್ಲಿಸದ ಸೋತವನ ಮೂಲೆಯವರ ಮೇಲೆಯೇ ಸಿಟ್ಟಿತ್ತು. ಹೋದ ತಿಂಗಳ ಫೈಟಿನಲ್ಲೂ ಹಾಗೇ ಆಗಿತ್ತು. ಹುಡುಗ ಎಂಟನೇ ರೌಂಡಿನಲ್ಲೇ ಕಣ್ಣು ಕಾಣದೆ ಆಡುತ್ತಿದ್ದ, ಅವನ ಕಡೆಯವರು ಹನ್ನೊಂದರವರೆಗೆ ಬಿಟ್ಟರು. "ಈ ಜಪಾನಿನವನ ಎದುರಿಗಿ ಇಂಗ್ಲೆಂಡಿನ ಆ ಉದ್ದನ್ನ ಹುಡುಗನ್ನ ನಿಲ್ಲಸಬೇಕು," ಎಂದ. "ಆದ್ರ ನಿಲ್ಲಸಲ್ಲ. ಗೆಲ್ಲೋ ಕುದುರಿನ ಎರಡೂ ಕಡಿಯವರು ಬಚ್ಚಿಡ್ತಾರ."

"ಅವರದು ಇರ್ಲಿ. ನಮ್ಮ ಶಬ್ರೀನಂದು ಎಷ್ಟೊತ್ತಿಗಿ?"

"ಹನ್ನೆರಡಕ್ಕ. ಬಾಂದ್ರಾದಾಗ."

ಯೂನುಸ ಗೋಡೆಯ ಗಡಿಯಾರ ನೋಡಿದ. ಹತ್ತಕ್ಕೆ ಐದು ನಿಮಿಷ ಕಡಿಮೆ. ಮಗಳು ಏಳಕ್ಕೇ ಕೋಚ್ ಸುಭಾಷರ ಜೊತೆ ಹೋಗಿದ್ದಳು. ಇದು ಅವಳ ಮೊದಲ ಪ್ರೊಫೆಷನಲ್ ಫೈಟ್, ನಾಲ್ಕು ರೌಂಡಿನದು. ಎದುರಾಳಿ ಆಗಬೇಕಿದ್ದ ಹುಡುಗಿಗೆ ಮಣಿಕಟ್ಟು ಉಳುಕಿ, ಹತ್ತು ದಿನದ ಹಿಂದೆ ಕೊಲ್ಲಾಪುರದ ನಮಿತಾ ಎಂಬವಳನ್ನು ಗೊತ್ತುಮಾಡಿದ್ದರು. ಅವಳ ಬಗ್ಗೆ ಸುಭಾಷರಿಗೂ ಏನೂ ತಿಳಿದಿರಲಿಲ್ಲ. ಎಲ್ಲೆಲ್ಲೋ ಹುಡುಕಿ ನಲವತ್ತು ಸೆಕೆಂಡಿನ ಒಂದು ವಿಡಿಯೋ ತಂದವನು ಯೂನುಸ. ನೋಡಿ, ನಿಲ್ಲಿಸಿ, ಮತ್ತೆ ನೋಡಿ ಅವನೇ ಮಗಳಿಗೆ ಹೇಳಿದ: ಆಕೆಯದು ಬಲಗೈ ಭಾರ, ಅದರಿಂದ ದೂರ ಇರಬೇಕು, ಸದಾ ನಿನ್ನ ಬಲಕ್ಕೆ ಸರಿ. ಚಾಳಿನ ಗ್ಯಾಲರಿಯ ನೆಲದ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬಾಣ ಬರೆದ. ಹತ್ತು ದಿನ, ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು, ಶಬ್ರೀನ ಆ ಬಾಣಗಳ ಮೇಲೆ ಬಲಕ್ಕೆ ಸರಿಯುತ್ತಲೇ ಇದ್ದಳು. ಈಗ ನಿದ್ದೆಯಲ್ಲಿ ಎಬ್ಬಿಸಿದರೂ ಅವಳು ಬಲಕ್ಕೇ ಸರಿಯುತ್ತಾಳೆ ಎಂದು ಸುಭಾಷರು ನಗಾಡಿದ್ದರು.

"ಆ ಹುಡುಗಿ ಹೆಂಗದಾಳ, ತೋರ್ಸು," ಎಂದ ಖಂಡಪ್ಪ.

ಯೂನುಸ ವಿಡಿಯೋ ಹಚ್ಚಿದ. ಕೆಂಪು ಬನಿಯನ್ನಿನ ಎತ್ತರದ ಹುಡುಗಿ ಬೇರೆ ಯಾರನ್ನೋ ಮೂಲೆಗೆ ಒತ್ತಿ ಹೊಡೆಯುತ್ತಿದ್ದಳು. ಖಂಡಪ್ಪ ಕಣ್ಣು ಕಿರಿದು ಮಾಡಿ ನೋಡಿದ.

"ಅಬಾ. ಈಕಿ ರೊಟ್ಟಿ ಬಡದಂಗ ಬಡೀತಾಳಲ್ಲೋ. ನಡುವ ಆ ಬಿಳಿ ಅಂಗಿಯಾಂವ ಯಾರು?"

"ರೆಫ್ರಿ."

"ಅಂಗಿ ಚಂದ ಹೊಲ್ಸ್ಯಾನ. ನಿನ್ನಂಥಾಂವನ ಹಂತ್ಯಾಕ ಅಲ್ಲ ಬಿಡು."

ಯೂನುಸ ನಕ್ಕು ಮೊದಲ ಸಲ ಆ ಅಂಗಿಯನ್ನು ನೋಡಿದ. ಇಷ್ಟು ದಿನ ಅವನು ಹುಡುಗಿಯ ಕಾಲು, ಭುಜ, ಗದ್ದ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ರೆಫ್ರಿ ಕ್ಯಾಮರಾದ ಕಡೆ ತಿರುಗಿದಾಗ ಜೇಬು ಕಂಡಿತು. ಯೂನುಸ ವಿಡಿಯೋ ನಿಲ್ಲಿಸಿದ. ಜೇಬು ಆ ಮನುಷ್ಯನ ಬಲಗಡೆ ಎದೆಯ ಮೇಲಿತ್ತು.

ಗಂಡಸಿನ ಅಂಗಿಗೆ ಬಲಗಡೆ ಜೇಬು ಯಾವ ಟೈಲರನೂ ಇಡುವುದಿಲ್ಲ. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದ. ಗುಂಡಿಯ ಪಟ್ಟಿಯೂ ಹೆಂಗಸರ ಉಡುಪಿನ ಹಾಗೆ ತಿರುವುಮುರುವಾಗಿತ್ತು. ಬನಿಯನ್ನಿನ ಮೇಲೆ, ಗ್ಲೋವ್ಸ್ ಮೇಲೆ, ಹಗ್ಗದ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಇದನ್ನೂ ಯಾರೋ ಯಾರಿಂದಲೋ ಕದ್ದು, ತಿರುಗಿಸಿ ಹಾಕಿದ್ದರು.

"ಯಾಕೋ, ಏನಾಯ್ತು?" ಎಂದ ಖಂಡಪ್ಪ.

"ಆಕಿ ಎಡಚಿ," ಎಂದ ಯೂನುಸ. "ಭಾರ ಇರೋದು ಎಡಗೈ. ನಾ ನನ್ನ ಮಗಳಿಗಿ ಸೀದಾ ಅದರ ಬಾಯಾಗ ಹೋಗಲಿಕ್ಕಿ ಕಲಿಸೀನಿ."

ಶಬ್ರೀನಳ ಫೋನು ಬಂದ್ ಆಗಿತ್ತು. ಫೈಟಿನ ದಿನ ಫೋನು ಮುಟ್ಟಬಾರದು ಎಂದು ಅವನೇ ಹೇಳಿದ್ದ. ಸುಭಾಷರ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಮತ್ತೆ ನಿಂತಿತು.

ಅಂಗಡಿಯ ಹಿಂದಿನ ಕೋಣೆಯೇ ಮನೆ. ದೌಲತಬಿ ಸ್ಟೋವಿನ ಮುಂದೆ ಕೂತು ಸಂಜೆ ಮಗಳು ಬಂದರೆ ಬೇಕಾಗುವ ಮಾಂಸ ತೊಳೆಯುತ್ತಿದ್ದಳು. ಮನೆಯಲ್ಲಿ ಅವರದು ದಖನಿ ಉರ್ದು. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದಾಗ ಮಾತ್ರ ದೌಲತಬಿಗೆ ತವರಿನ ಕನ್ನಡ ಬರುತ್ತಿತ್ತು. ಯೂನುಸ ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದ. ಅವಳು ಕೇಳುತ್ತ ಕೇಳುತ್ತ ಕೈ ತೊಳೆದುಕೊಂಡಳು.

"ಹೊಡ್ತ ಎಲ್ಲಿ ಬೀಳ್ತದ ಆಕಿಗಿ?"

ಅವನು ತನ್ನ ಬಲಗಡೆಯ ದವಡೆ ಮುಟ್ಟಿ ತೋರಿಸಿದ.

"ಈಗ ಹೇಳಿದ್ರ ಏನಾಗ್ತದ?"

"ಅಂಜ್ತಾಳ. ಇನ್ನೆರಡು ತಾಸಿನಾಗ ಎಲ್ಲಾ ಉಲ್ಟಾ ಮಾಡು ಅಂದ್ರ ಯಾರಿಗಾದ್ರೂ ಕೈಕಾಲು ಬಿದ್ದು ಹೋಗ್ತಾವ. ನನ್ನ ಮ್ಯಾಲ ನಂಬಿಕಿ ಹೋಗ್ತದ."

"ಹೇಳಲಿಲ್ಲಂದ್ರ?"

ದೌಲತಬಿ ಪಾತ್ರೆಗೆ ತಟ್ಟೆ ಮುಚ್ಚಿ, ಗೂಟದಿಂದ ಬುರ್ಖಾ ತೆಗೆದುಕೊಂಡಳು. "ನಡೀರಿ," ಎಂದಳು.

ಆ ದಿನ ಮೆಗಾ ಬ್ಲಾಕ್, ಹಳಿ ದುರಸ್ತಿಗೆಂದು ರೈಲು ನಿಲ್ಲಿಸಿದ್ದರು. ಲೋಕಲ್ ಹತ್ತಬೇಕಾದವರೆಲ್ಲ ರಸ್ತೆಗೆ ಬಂದಿದ್ದರು. ಸ್ಟೇಷನ್ ಹೊರಗೆ ಹನ್ನೆರಡು ಆಟೋದವರು ಬಾಂದ್ರಾ ಎಂದ ಕೂಡಲೇ ತಲೆ ಅಲ್ಲಾಡಿಸಿದರು. ಹದಿಮೂರನೆಯವನು ಬಂದ. ಅರ್ಧ ದಾರಿಯಲ್ಲಿ ಬಸ್ಸುಗಳ ಹಿಂದೆ ಸಿಕ್ಕಿಬಿದ್ದರು. ಯೂನುಸ ಹತ್ತು ಹತ್ತು ನಿಮಿಷಕ್ಕೆ ಸುಭಾಷರಿಗೆ ಫೋನು ಹಚ್ಚುತ್ತಿದ್ದ. ಉಳಿದ ಹೊತ್ತು ಅವನ ಕಣ್ಣ ಮುಂದೆ ಒಂದೇ ನಡೆಯುತ್ತಿತ್ತು: ಗಂಟೆ ಹೊಡೆಯುತ್ತದೆ, ಶಬ್ರೀನ ಒಂದು ಹೆಜ್ಜೆ ಬಲಕ್ಕೆ ಇಡುತ್ತಾಳೆ. ಬೇರೆ ಯಾರ ಮಗಳಾಗಿದ್ದರೂ ಅವನು ಅಂಗಡಿಯಲ್ಲಿ ಕೂತು, ಈ ಹುಡುಗಿಗೆ ಹೇಳಿಕೊಟ್ಟ ಮೂರ್ಖ ಯಾರೋ, ಎಂದುಬಿಡುತ್ತಿದ್ದ.

"ಆಟೋ ಹುಷಾರಿ ಸೇ ಚಲಾನಾ ಭಾಯಿ," ಎಂದು ದೌಲತಬಿ ಹಿಂದಿಯಲ್ಲಿ ಚಾಲಕನಿಗೆ ಹೇಳಿದಳು, ಆಟೋ ನಿಂತೇ ಇದ್ದರೂ.

ಹನ್ನೊಂದೂವರೆ ದಾಟಿದ ಮೇಲೆ ಹಾಲ್ ಮುಟ್ಟಿದರು. ಅದು ಮದುವೆಗೆ ಕೊಡುವ ಹಾಲ್. ಒಳಗೆ ರಿಂಗಿನ ಸುತ್ತ ದೀಪ ಉರಿಯುತ್ತಿದ್ದವು, ಮೈಕಿನವನು ಒಂದು ಎರಡು ಎನ್ನುತ್ತಿದ್ದ. ಹಿಂದಿನ ಓಣಿಯಲ್ಲಿ ಅಡುಗೆಯವರ ದೊಡ್ಡ ಹಂಡೆಗಳನ್ನು ಬೋರಲು ಹಾಕಿದ್ದರು. ಅಲ್ಲೇ ಒಂದು ಬಾಗಿಲ ಮುಂದೆ ಸುಭಾಷರು ನಿಂತಿದ್ದರು. ಯೂನುಸ ಉಸಿರು ಬಿಡದೆ ಹೇಳಿ, ಫೋನಿನಲ್ಲಿ ರೆಫ್ರಿಯ ಜೇಬು ತೋರಿಸಿದ.

ಸುಭಾಷರು ಬಹಳ ಹೊತ್ತು ಆ ಜೇಬನ್ನೇ ನೋಡಿದರು. ಅವರು ಬೀದರಿನವರು, ಕೂಗಾಡುವ ಮನುಷ್ಯ, ಈಗ ಕೂಗಲಿಲ್ಲ.

"ತಪ್ಪು ನಂದೂ ಅದ ಯೂನುಸಭಾಯಿ. ನಾ ನೋಡಬೇಕಿತ್ತು. ಆದ್ರ ಈಗ ಹೇಳಬ್ಯಾಡ್ರಿ."

"ಹೇಳಬ್ಯಾಡ?"

"ಇಪ್ಪತ್ತು ನಿಮಿಷ ಉಳದದ. ಈಗ ತಲಿ ಕೆಡಿಸಿದ್ರ ಕಾಲೇ ಏಳಲ್ಲ. ಒಳಗ ಹೋಗ್ಲಿ, ಒಂದು ರೌಂಡಿನಾಗ ಆಕಿನೇ ತಿಳ್ಕೋತಾಳ. ಆಮ್ಯಾಲ ಕಾರ್ನರಿನಾಗ ನಾ ಸರಿ ಮಾಡ್ತೀನಿ."

"ಒಂದು ರೌಂಡಿನಾಗ ಹೆಂಗ ತಿಳ್ಕೋತಾಳ ಸರ್?"

ಇಬ್ಬರಿಗೂ ಗೊತ್ತಿತ್ತು ಹೇಗೆ ಎಂದು.

"ಫೈಟೇ ಬ್ಯಾಡಂದ್ರ?" ಎಂದ ಯೂನುಸ.

"ಅದನ್ನ ಆಕಿನ್ನ ಕೇಳಲಾರದ ನಾ ಹೇಳಾಂವಲ್ಲ. ನೀವೂ ಹೇಳಾವರಲ್ಲ."

ಯೂನುಸ ತಿರುಗಿ ನೋಡಿದ. ಓಣಿಯ ತುದಿಯಲ್ಲಿ ದೌಲತಬಿ ಒಂದು ಪ್ಲಾಸ್ಟಿಕ್ ಕುರ್ಚಿ ಹುಡುಕಿಕೊಂಡು ಕೂತಿದ್ದಳು. ಇವರ ಕಡೆ ನೋಡುತ್ತಿರಲಿಲ್ಲ. ಅವನು ಸುಭಾಷರ ತೋಳು ಸರಿಸಿ ಬಾಗಿಲು ನೂಕಿದ.

ಶಬ್ರೀನ ಬೆಂಚಿನ ಮೇಲೆ ಕೂತಿದ್ದಳು. ಕೈಗಳಿಗೆ ಪಟ್ಟಿ ಸುತ್ತಿ ಆಗಿತ್ತು, ಗ್ಲೋವ್ಸ್ ಇನ್ನೂ ಹಾಕಿರಲಿಲ್ಲ. ಕೂದಲನ್ನು ಬಿಗಿಯಾಗಿ ಹೆಣೆದಿದ್ದರಿಂದ ಹಣೆ ಚಿಕ್ಕ ಹುಡುಗಿಯದರಂತೆ ಕಾಣುತ್ತಿತ್ತು.

"ಅಬ್ಬಾ, ನೀ ಇಲ್ಲಿ ಯಾಕ? ಸೀದಾ ಸೀಟಿಗೆ ಹೋಗ್ತೀನಿ ಅಂದಿದ್ದಿಯಲ್ಲ."

"ಬೇಟಾ, ನಂದು ತಪ್ಪಾಗ್ಯಾದ."

ಅವನು ಹೇಳಿ ಮುಗಿಸುವವರೆಗೆ ಅವಳು ಅವನ ಮುಖ ನೋಡುತ್ತಿದ್ದಳು. ವಿಡಿಯೋ ಕೇಳಲಿಲ್ಲ. ಜೇಬಿನ ವಿಷಯ ಬಂದಾಗ ಬಾಯಿ ಒಂದಿಷ್ಟು ಅಲುಗಿತು, ನಗುವೋ ಅಳುವೋ ತಿಳಿಯಲಿಲ್ಲ.

"ದಸ್ ದಿನ್," ಎಂದಳು. "ದಸ್ ದಿನ್ ಅಬ್ಬಾ. ಮಜಾಕ್ ಅದ ಏನು?"

"ಇಲ್ಲ."

"ನೀ ಹೇಳ್ದಿ ಅಂತ ನಾ ಮಾಡ್ದೆ. ಸರ್‌ಗೆ ಸಹ ಕೇಳಲಿಲ್ಲ ನಾ. ಅಬ್ಬಾ ಬೋಲಾ ತೋ ಬೋಲಾ."

"ಹೌದು."

"ಈಗ ನನ್ನ ಕಾಲು ತಾನೇ ಬಲಕ್ಕ ಹೋಗ್ತಾವ. ನಾ ಏನ್ ಮಾಡ್ಲಿ?"

ಯೂನುಸನಿಗೆ ಹೇಳಬೇಕಾದದ್ದೆಲ್ಲ ಗೊತ್ತಿತ್ತು. ಎಡಚರ ಎದುರು ಎಡಕ್ಕೆ ಸರಿಯಬೇಕು, ತನ್ನ ಎಡಗಾಲು ಅವರ ಬಲಗಾಲಿನ ಹೊರಗಿರಬೇಕು. ಖಂಡಪ್ಪನಿಗೆ ನೂರು ಸಲ ಹೇಳಿದ್ದ. ಈಗ ಅದನ್ನೆಲ್ಲ ಬಿಟ್ಟ. "ಬ್ಯಾಡಂದ್ರ ಬ್ಯಾಡ," ಎಂದ. "ನಾ ಹೋಗಿ ಹೇಳ್ತೀನಿ ಅವರಿಗಿ. ನಿನ್ನ ಮ್ಯಾಲ ಮಾತು ಬರಲ್ಲ. ತಪ್ಪು ಅಪ್ಪಂದು ಅಂತೀನಿ."

ಅವಳು ನೆಲ ನೋಡಿದಳು. ಹೊರಗೆ ಮೈಕು ಕಿರುಚಿ ಸರಿಹೋಯಿತು. ಆಮೇಲೆ ಅವಳು ಎದ್ದಳು.

"ಚಪ್ಪಲ್ ತೆಗಿ."

"ಏನು?"

"ಚಪ್ಪಲ್ ತೆಗಿ ಅಬ್ಬಾ. ನಿಲ್ಲು. ಬಲಗಾಲು ಮುಂದ, ಎಡಚಿ ನಿಂತಂಗ."

ಸುಭಾಷರು ಬಾಗಿಲಲ್ಲಿ ಬಂದು ನಿಂತಿದ್ದರು. ಯೂನುಸ ಚಪ್ಪಲಿ ಬಿಟ್ಟು ತಣ್ಣನೆಯ ಫರಸಿಯ ಮೇಲೆ ಬಲಗಾಲು ಮುಂದಿಟ್ಟ. ಕೈ ಎತ್ತಿದ. ವರ್ಷಗಟ್ಟಲೆ ಕಂಡ ಭಂಗಿ. ತನ್ನ ಮೈಯಲ್ಲಿ ಅದು ಎಲ್ಲಿ ಕೂಡಬೇಕೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಅವಳು ಅವನ ಮೊಣಕೈಯನ್ನು ಒಳಗೆ ತಳ್ಳಿದಳು, ಗದ್ದವನ್ನು ಎರಡು ಬೆರಳಿನಿಂದ ಕೆಳಗೆ ಒತ್ತಿದಳು.

"ಎಡಗೈ ಹಾಕು. ನಾ ಸರೀತೀನಿ."

ಅವನು ಎಡ ಅಂಗೈಯನ್ನು ಮುಂದೆ ಚಾಚಿದ. ಅವಳು ಬಲಕ್ಕೆ ಸರಿದಳು. ಅಂಗೈ ಅವಳ ಬಲಗೆನ್ನೆಗೆ ತಾಗಿತು.

"ಫಿರ್ ಸೇ."

ಮತ್ತೆ ಚಾಚಿದ. ಮತ್ತೆ ತಾಗಿತು. ಕೆನ್ನೆ ಬಿಸಿಯಾಗಿತ್ತು, ವ್ಯಾಸಲೀನಿನಿಂದ ಜಾರುತ್ತಿತ್ತು. ಅವನಿಗೆ ಕೈ ಹಿಂದೆಗೆಯಬೇಕೆನಿಸಿತು.

"ಹಗೂರ ಮಾಡಬ್ಯಾಡ. ಆಕಿ ಹಗೂರ ಮಾಡ್ತಾಳೇನು?"

ಮೂರನೇ ಸಲ ಅವಳ ಪಾದ ಬಲಕ್ಕೆ ಹೊರಟು ಅರ್ಧಕ್ಕೆ ನಿಂತಿತು. ಅಂಗೈ ಗದ್ದಕ್ಕೆ ಸವರಿತು. ನಾಲ್ಕನೇ ಸಲ ಅವಳು ತುಟಿ ಕಚ್ಚಿ ಎಡಕ್ಕೆ ಸರಿದಳು, ಅವನ ಕೈ ಖಾಲಿ ಗಾಳಿಯಲ್ಲಿ ಹೋಗಿ ಬಂದಿತು. ಐದನೇ ಸಲ ಮತ್ತೆ ಕೆನ್ನೆ.

ಹೊರಗೆ ಮೈಕಿನವನು ಕುರ್ಲಾ ಎಂದ, ಅವಳ ಹೆಸರನ್ನು ಉದ್ದಕ್ಕೆ ಎಳೆದು ಕೂಗಿದ. ಸುಭಾಷರು ಗ್ಲೋವ್ಸ್ ಹಿಡಿದು ಒಂದು ಹೆಜ್ಜೆ ಒಳಗೆ ಬಂದರು.

"ಇನ್ನೊಮ್ಮೆ," ಎಂದಳು ಶಬ್ರೀನ.

ಯೂನುಸ ಬಲಗಾಲನ್ನು ಇನ್ನಷ್ಟು ಮುಂದಿಟ್ಟು, ಕಣ್ಣು ಮುಚ್ಚದೆ, ಈ ಸಲ ಜೋರಾಗಿ ಎಡಗೈ ಬೀಸಿದ.