ಅರ್ಧ ಕುಂಕುಮ, ಅರ್ಧ ರೇಸು

ನಾನು ಒಂದು ಕ್ಯಾಮೆರಾ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವನು, ಅಷ್ಟೇ. ಗಾತ್ರ ನೋಡಿ ಮೂಗು ಮುರಿಯಬೇಡಿ. ಬಿದ್ದರೂ ಒಡೆಯದವನು, ಧೂಳಿಗೂ ನೀರಿಗೂ ಜಗ್ಗದವನು ಎಂದು ಪರೀಕ್ಷಿಸಿಯೇ ಕಾರ್ಖಾನೆಯಿಂದ ನನ್ನನ್ನು ಹೊರಗೆ ಬಿಟ್ಟರು. ಜಂಬ ಎಂದುಕೊಂಡರೆ ಅಂದುಕೊಳ್ಳಿ.

ಮೊದಲು ನನ್ನನ್ನು ಕೊಂಡವರು ಮೈಸೂರಿನ ಹೊರವಲಯದಲ್ಲಿ ಮಣ್ಣಿನ ಮೈದಾನದಲ್ಲಿ ಕಾರ್ ರೇಸ್ ನಡೆಸುವವರು. ಎತ್ತರದ ಕಂಬಕ್ಕೆ ಬಿಗಿದರು. ಯಾರು ಮುಂದೆ, ಯಾರು ಹಿಂದೆ, ಎಲ್ಲ ನನಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಆದರೆ ಅಲ್ಲಿಂದ ಕಾರುಗಳು ಆಟಿಕೆಯಂತೆ ಕಾಣುತ್ತಿದ್ದವು. ದೊಡ್ಡ ಪರದೆಯ ಮುಂದೆ ಕುಳಿತ ಜನ ಚುರುಮುರಿ ತಿನ್ನುತ್ತ ಆಕಳಿಸುತ್ತಿದ್ದರು. ನನಗೆ ಎಂಥ ಅವಮಾನ!

ಎರಡು ವರ್ಷದ ಮೇಲೆ ಕಂಬಕ್ಕೆ ಹೊಸ ಕ್ಯಾಮೆರಾ ಬಂತು. ನಾನು ಸುಕನ್ಯಳ ಪಾಲಾದೆ. ಇಪ್ಪತ್ನಾಲ್ಕರ ಹುಡುಗಿ, ಕೆಂಪು ಕಾರು. ಅವಳ ಸೀಟಿನ ಹಿಂದೆ, ಭುಜದ ಮೇಲಿನಿಂದ ರಸ್ತೆ ಕಾಣುವಂತೆ ನನ್ನನ್ನು ಕೂರಿಸಿದಳು. ಅಬ್ಬಬ್ಬಾ! ವೇಗ ಅಂದರೆ ಏನೆಂದು ಆಗ ತಿಳಿಯಿತು. ತಿರುವು ಮುಖಕ್ಕೇ ನುಗ್ಗಿ ಬರುತ್ತಿತ್ತು. ಆ ರಸ್ತೆಯನ್ನು ತೋರಿಸಲು ನನ್ನ ಬಿಟ್ಟರೆ ಯಾರೂ ಇಲ್ಲ ಎಂದು ಬೀಗಿದೆ.

ಅವಳ ಅಪ್ಪ ಜವರಯ್ಯ ಮೂವತ್ತು ವರ್ಷ ಲಾರಿ ಓಡಿಸಿದವರು. ಹಿಂದಿನ ವರ್ಷ ಮಗಳ ಕಾರು ಪಲ್ಟಿ ಹೊಡೆದಾಗಿನಿಂದ ಅವರಿಗೆ ನಿದ್ದೆಯಿಲ್ಲ. "ಇದೊಂದು ರೇಸ್ ನೋಡ್ತೀನಿ. ನೀನು ಹೆದರ್ಕೊಂಡೆ ಅಂತ ಗೊತ್ತಾದ್ರೆ ಕೀ ನಂಗೆ ಕೊಟ್ಬುಡ್ಬೇಕು" ಎಂದಿದ್ದರು. ಹೆದರಿದವರ ಕೈಯಲ್ಲಿ ಗಾಡಿ ಇರಬಾರದು ಎಂಬುದು ಅವರ ಹಟ. ಸುಕನ್ಯ ಒಪ್ಪಿದ್ದಳು.

ರೇಸಿನ ದಿನ ಬೆಳಿಗ್ಗೆ ಜವರಯ್ಯ ಕಾರಿಗೆ ಪೂಜೆ ಮಾಡಿದರು. ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಬಾನೆಟ್ಟಿಗೆ, ಸ್ಟೇರಿಂಗಿಗೆ, ಗೇರಿಗೆ ಗಂಧ, ಕುಂಕುಮ. ಕೊನೆಗೆ ಭಕ್ತಿಯಿಂದ ನನಗೂ ಒಂದು ದಪ್ಪ ಬೊಟ್ಟು, ಸರಿಯಾಗಿ ಕಣ್ಣಿನ ಮೇಲ್ಭಾಗಕ್ಕೆ! ಕೂಗೋಣವೆಂದರೆ ನನಗೆ ಬಾಯಿಲ್ಲ.

ಮೂರನೇ ಸುತ್ತಿನಲ್ಲಿ ಸುಕನ್ಯ ಎರಡನೆಯವಳಾಗಿದ್ದಳು. ಇದ್ದಕ್ಕಿದ್ದಂತೆ ಧೂಳೆದ್ದಿತು. ಕಾರು ನಿಧಾನವಾಯಿತು. ಮೂವರು ನಮ್ಮನ್ನು ದಾಟಿ ಹೋದರು. ಮೈಕಿನವನು "ಸುಕನ್ಯ ಹೆದರಿಬಿಟ್ರು ಅನ್ಸುತ್ತೆ!" ಎಂದ. ಕಂಬದ ಕ್ಯಾಮೆರಾ ದೊಡ್ಡ ಪರದೆಯಲ್ಲಿ ತೋರಿಸಿದ್ದು ಅಷ್ಟೇ: ಧೂಳು, ಹಿಂದೆ ಬಿದ್ದ ಕೆಂಪು ಕಾರು.

ರೇಸ್ ಮುಗಿದೊಡನೆ ಜವರಯ್ಯ ಕೈ ಚಾಚಿದರು. "ಕೊಡವ್ವ ಕೀಯ. ಸಾಕು."

"ಮುಂದಿನ ಗಾಡಿ ಧೂಳಲ್ಲಿ ಅಡ್ಡ ನಿಂತಿತ್ತು ಅಪ್ಪ. ತಪ್ಪಿಸ್ಕೊಂಡು ಬಂದೆ. ಒಳಗಿನ ವಿಡಿಯೋ ಒಂದ್ಸಲ ನೋಡು." ಕೀ ಕೊಟ್ಟು, ನಾನು ಹಿಡಿದದ್ದನ್ನು ಫೋನಿನಲ್ಲಿ ಹಾಕಿದಳು.

ಮೇಲರ್ಧವೆಲ್ಲ ಕೆಂಪು. ರಸ್ತೆಯೇ ಇಲ್ಲ. "ಅಯ್ಯೋ, ನಿನ್ ಕುಂಕುಮ!" ಎಂದು ಸುಕನ್ಯ ಅತ್ತೇಬಿಟ್ಟಳು. ನನಗೂ ಎದೆ ಒಡೆಯಿತು. ನಾನು ಬೀಗುತ್ತಿದ್ದ ರಸ್ತೆಯೇ ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು. ಕೆಳಗೆ ಉಳಿದದ್ದು ಸ್ಟೇರಿಂಗು, ಗೇರು, ಅವಳ ಎರಡು ಕೈ.

ಜವರಯ್ಯ ಮಾತ್ರ ಕಣ್ಣು ಕೀಳಲಿಲ್ಲ. "ಇನ್ನೊಂದ್ಸಲ ಹಾಕು" ಎಂದರು. ಮತ್ತೆ ನೋಡಿದರು.

"ಹೆದರ್ಕೊಂಡೋರು ಸ್ಟೇರಿಂಗ ಬಿಗಿಯಾಗಿ ಹಿಡ್ಕೋತಾರೆ. ನಿನ್ ಬೆರಳು ನೋಡು, ಎಷ್ಟು ಹಗುರವಾಗವೆ! ಗೇರ್ ಇಳ್ಸಿದ್ದೀಯ, ಎಡಕ್ಕೆ ತಂದಿದ್ದೀಯ, ತಕ್ಷಣ ನೇರ ಮಾಡಿದ್ದೀಯ. ಅಷ್ಟು ಧೂಳಲ್ಲಿ ನಾನಾಗಿದ್ರೆ ಗುದ್ದೇ ಬುಡ್ತಿದ್ದೆ ಕಣವ್ವ." ಕೀಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಊದಿಕೊಂಡು, ಶೆಡ್ಡಿನ ಗೂಡಿನಲ್ಲಿ ದೇವರ ಪಟದ ಪಕ್ಕ ಕುಳಿತಿದ್ದೇನೆ. ಆಯುಧಪೂಜೆಗೆ ಜವರಯ್ಯ ನನಗೂ ಬೊಟ್ಟಿಡುತ್ತಾರೆ, ಕಣ್ಣಿಗೆ ಅಂಗೈ ಅಡ್ಡ ಹಿಡಿದು ಬೆನ್ನಿಗೆ. ಸುಕನ್ಯಳ ಕಾರಿಗೆ ಹೊಸ ಕ್ಯಾಮೆರಾ ಬಂದಿದೆ. ಪ್ರತಿ ರೇಸಿಗೆ ಹೊರಡುವಾಗ ಜವರಯ್ಯ ಅದರ ಮುಂದೆ ಬಗ್ಗಿ ಮಗಳನ್ನು ಒಂದೇ ಮಾತು ಕೇಳುತ್ತಾರೆ:

"ರಸ್ತೆ ಇರ್ಲಿ ಬುಡು. ಕೈ ಕಾಣ್ತದಾ?"