ಗೋಪಾಲನ ಗುರುವಾರ

ಕನ್ನಡ ರಾಜ್ಯ ಒಂದಾದ ಮರುವರ್ಷ ಶಿರಹಟ್ಟಿಯ ಗೋಪಾಲನು ಗದಗಿನ ಕಾಲೇಜು ಸೇರಿದನು. ತಂದೆ ಜಯತೀರ್ಥಾಚಾರ್ಯರು ಗುಡಿಯ ಪೂಜೆಯವರು. ಗದಗಿನಲ್ಲಿ ಮಗನಿಗೆ ಮಠದ ಕೋಣೆಯಲ್ಲಿ ವಾಸ. ಊಟಕ್ಕೆ ವಾರಾನ್ನ, ದಿನಕ್ಕೊಂದು ಮನೆ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಊರ ಶಾಲೆಯಲ್ಲಿ ಮೊದಲಿಗನಾಗಿದ್ದವನು ಇಲ್ಲಿ ಕೊನೆಯ ಬೆಂಚಿನಲ್ಲಿ ಬಾಯಿ ತೆರೆಯದೆ ಕುಳಿತನು. ಉಣ್ಣಲು ಏಳು ಮನೆಗಳಿದ್ದವು, ಮನಸ್ಸು ಬಿಚ್ಚಿ ಮಾತನಾಡಲು ಒಂದೂ ಇರಲಿಲ್ಲ.

ಶ್ರಾವಣದಲ್ಲಿ ಗುರುವಾರದ ಮನೆಯ ಯಮುನಾಬಾಯಿ ಮಗಳ ಬಾಣಂತನಕ್ಕೆ ಪರವೂರಿಗೆ ಹೋದರು. ಬೇರೆ ಮನೆ ಕೇಳಲು ಗೋಪಾಲನಿಗೆ ಸಂಕೋಚ. ಶುಕ್ರವಾರದ ಮನೆಯ ಪದ್ಮಾಬಾಯಿ, ನಿನ್ನೆ ಎಲ್ಲಿ ಉಂಡಿ ಎಂದು ಕೇಳಿದಾಗ, ಗುರುವಾರ ರಾಯರ ಉಪವಾಸ ಎಂದುಬಿಟ್ಟನು. ಆಕೆ ನಾಲ್ಕು ಜನರೆದುರು ಹೊಗಳಿದರು. ಬುಧವಾರದ ಮನೆಯವರಿಗೆ ವರ್ಗವಾದಾಗ ಆ ದಿನವೂ ವ್ರತವಾಯಿತು. ಊರಿಗೆ ಬರೆದ ಕಾಗದದಲ್ಲಿ ಮಾತ್ರ ಎಂದಿನಂತೆ ‘ನಾನು ಕ್ಷೇಮ’ ಎಂದೇ ಇರುತ್ತಿತ್ತು.

ನಿದ್ರೆ ಬಾರದಾಯಿತು. ತಲೆನೋವು ಹತ್ತಿತು. ಓದಿದ್ದು ಪುಟ ತಿರುವುವುದರೊಳಗೆ ಮರೆಯುತ್ತಿತ್ತು. ದೀಪಾವಳಿಗೆ ಮುಂಚೆ ಒಂದು ದಿನ ತರಗತಿಯಲ್ಲೇ ಬಿದ್ದನು.

ಅವನನ್ನು ಸೇರಿಸಿದ್ದ ಬೆಟಗೇರಿಯ ದವಾಖಾನೆಗೆ ಆಚಾರ್ಯರು ಓಡಿಬಂದರು. ಕಾಲೇಜು ಬೇಡ, ಊರಿಗೆ ಒಯ್ಯಿರಿ ಎಂದು ಮಗ ಅತ್ತನು. ತಂದೆಗೆ ಇದು ಓದಿಗೆ ಅಂಜಿದ ನೆವವೆನಿಸಿತು. ದಾದಿ ಬಾನುಬಿ ಹುಡುಗನ ಕಣ್ಣರೆಪ್ಪೆ ಬಿಡಿಸಿ ತೋರಿಸಿ, ರಕ್ತವಿಲ್ಲ, ಹೊಟ್ಟೆಗಿಲ್ಲದ್ದೇ ಕಾರಣ ಎಂದಳು. ಮಗನ ವ್ರತಗಳ ಸುದ್ದಿ ಪದ್ಮಾಬಾಯಿಯಿಂದ ತಿಳಿದಿದ್ದ ಆಚಾರ್ಯರು ಒಪ್ಪಲಿಲ್ಲ.

“ಉಪವಾಸದಿಂದ ಯಾರಿಗೆ ಜಡ್ಡು ಬಂದದ? ಮೂವತ್ತು ವರ್ಷ ನಾ ಗುರುವಾರ ಉಂಡಿಲ್ಲ.”

“ನಿಮ್ಮದು ದೇವರಿಗೆ ಹಿಡಿದದ್ದರಿ. ಇವಂದು ನಾಚಿಕಿಗೆ ಹಿಡಿದದ್ದು. ಯಾವಾಗಿಂದ ಅಂತ ಕೇಳ್ರಿ.”

ಆಚಾರ್ಯರು ಕೇಳಿದರು. ಗೋಪಾಲನು ಗೋಡೆಯ ಕಡೆ ತಿರುಗಿದನು.

“ಗುರುವಾರದ ಮನಿ ಯಮುನಾಬಾಯಿ ಪರವೂರಿಗೆ ಹೋದಾಗಿಂದ.”

ಆಚಾರ್ಯರು ಮಗನ ಮಂಚದ ಅಂಚಿಗೆ ಕುಳಿತರು. ಬಾನುಬಿ ಮೆಲ್ಲಗೆ ತಿಳಿಸಿದಳು: ಹಸಿವು, ನಿದ್ರೆಗೇಡು, ಒಳಗೇ ನುಂಗಿದ ಚಿಂತೆ, ಮೂರೂ ಕೂಡಿದರೆ ಎಂಥ ಜಾಣನ ತಲೆಯೂ ನಿಲ್ಲುವುದಿಲ್ಲ. ಔಷಧಿ ನಾನು ಕೊಡುತ್ತೇನೆ. ಅನ್ನ, ನಿದ್ರೆ, ಜೊತೆಗೊಬ್ಬ ಗೆಳೆಯ, ಇವನ್ನು ನೀವು ಕೊಡಿಸಬೇಕು ಎಂದಳು.

ಆಚಾರ್ಯರು ತಾವೇ ಹೋಗಿ ಬುಧವಾರ, ಗುರುವಾರದ ಊಟಕ್ಕೆ ಎರಡು ಮನೆ ಗೊತ್ತುಮಾಡಿದರು. ಪಾಠ ತಿಳಿಯದಿದ್ದರೆ ಮನೆಗೆ ಬಾ ಎಂದರು ಕಾಲೇಜಿನ ಮಾಸ್ತರರು. ಕುರ್ತಕೋಟಿಯ ಸಹಪಾಠಿ ಕುಬೇರಪ್ಪ ಕೋಣೆಗೆ ಬಂದು ಓದಲು ಒಪ್ಪಿದನು. ತನಗೂ ಅರ್ಧ ಪಾಠ ತಿಳಿಯುವುದಿಲ್ಲವೆಂದು ನಕ್ಕನು.

ಅಂದು ಗುರುವಾರ. ಪದ್ಮಾಬಾಯಿ ಬುತ್ತಿ ತಂದರು. ದವಾಖಾನೆಯ ಕಟ್ಟೆಯ ಮೇಲೆ ಆಚಾರ್ಯರು ಎರಡು ಎಲೆ ಹಾಸಿದರು.

“ಅಪ್ಪಾ, ಇವತ್ತು ನಿಮ್ಮದು…”

“ರಾಯರು ತಿಳಕೋತಾರ. ನೀ ಉಣ್ಣು.”

ತಾಯಿತಂದೆಗಳೇ, ಓದಲು ಹೋದ ಮಗನ, ಮಗಳ ಕಾಗದದಲ್ಲಿ ‘ಕ್ಷೇಮ’ ಎಂದು ಓದಿ ಮಡಿಚಿಡಬೇಡಿರಿ. ಇಂದು ಏನು ಉಂಡಿ, ನಿದ್ದೆ ಬಂತೇ, ಯಾರೊಡನೆ ಮಾತನಾಡಿದಿ ಎಂದು ಕೇಳಿರಿ. ಮಕ್ಕಳೇ, ಕೇಳಿದಾಗ ನಿಜ ಹೇಳಿರಿ, ಅದರಲ್ಲಿ ನಾಚಿಕೆಯಿಲ್ಲ. ಹಿರಿಯರೇ, ಉತ್ತರ ಕೊಡುವವರು ಇರುವಾಗಲೇ ಕೇಳಿರಿ.