ಮೇಧಾಳ ಹನ್ನೊಂದು ಮಾತು

ಚಂದ್ರಹಾಸನ ಸಿನಿಮಾ ಚೆನ್ನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಯಾರೂ ಅವನ ಮುಖಕ್ಕೆ ಆ ಮಾತು ಹೇಳಲಿಲ್ಲ. ‘ಆರು ಮಂದಿ, ಒಂದು ಬಾಗಿಲು’ ಅಂತ ಹೆಸರು. ಆರು ಜನ ಗೆಳೆಯರು ಕಾಡಿನೊಳಗಿನ ಬಂಗಲೆಯಲ್ಲಿ ಪಾರ್ಟಿಗೆ ಸೇರುತ್ತಾರೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಒಬ್ಬೊಬ್ಬರಾಗಿ ಸಾಯುತ್ತಾರೆ. ಅಷ್ಟೇ ಕತೆ. ಬಂಗಲೆ ಎಂದರೆ ಕೋಲ್ಕತ್ತಾದ ಬಾರಾನಗರದಲ್ಲಿ ಪಾಳುಬಿದ್ದಿದ್ದ ಒಂದು ಹಳೇ ಮನೆ. ರಕ್ತ ಎಂದರೆ ಬಂಗಾಳಿ ಹೆಂಗಸರು ಪಾದಕ್ಕೆ ಹಚ್ಚಿಕೊಳ್ಳುವ ಆಲ್ತಾ. ಸುತ್ತ ಹತ್ತು ಮೈಲಿ ನರಪಿಳ್ಳೆ ಇಲ್ಲ ಎಂದು ನಾಯಕ ನಡುಗುತ್ತ ಹೇಳುವಾಗ ಹಿಂದೆ ಸೈಕಲ್ ರಿಕ್ಷಾದ ಹಾರನ್ನು ಪೋಂ ಪೋಂ ಅನ್ನುತ್ತದೆ. ಕೊಲೆಗಾರ ಕತ್ತಿ ಎತ್ತಿದಾಗ ಅವನ ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ನೇತಾಡುತ್ತದೆ. ತೆಗೆದವರೆಲ್ಲ ಸೆಕ್ಟರ್ ಫೈವ್‌ನಲ್ಲಿ ವಾರವಿಡೀ ಕಂಪ್ಯೂಟರ್ ಕುಟ್ಟಿ ಶನಿವಾರ ಭಾನುವಾರ ಕಲಾವಿದರಾಗಲು ಹೊರಟವರು, ಇನ್ನೇನು ತಾನೇ ಆದೀತು!

2006ರ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಊಟದ ಮೇಲೆ, ಗರಿಯಾಹಾಟಿನ ಹತ್ತಿರದ ಒಂದು ಹಾಲಿನಲ್ಲಿ ಕನ್ನಡ ಸಂಘದವರು ಅದನ್ನು ತೋರಿಸಿದರು. ರಾಜ್ಯೋತ್ಸವದ ಕಾರ್ಯಕ್ರಮ. ಬಿಸಿಬೇಳೆಬಾತು ತಿಂದು ತೂಕಡಿಸುತ್ತಿದ್ದ ಎಂಬತ್ತು ಜನ ಕೂತಿದ್ದರು. ಚಂದ್ರಹಾಸ ಪ್ರೊಜೆಕ್ಟರಿನ ಪಕ್ಕ ನಿಂತಿದ್ದ. ಸಿನಿಮಾ ಕೆಟ್ಟದಾಗಿದೆ ಎಂಬ ಚಿಂತೆ ಅವನಿಗೆ ಅವತ್ತು ಕಿಂಚಿತ್ತೂ ಇರಲಿಲ್ಲ. ಅವನ ಕಣ್ಣೆಲ್ಲ ಮೊದಲ ಸಾಲಿನಲ್ಲಿ ಕೂತಿದ್ದ ಜಾನಕಿಯವರ ಬೆನ್ನಿನ ಮೇಲೆಯೇ ಇತ್ತು.

ಆರು ಜನರಲ್ಲಿ ಮೂರನೆಯವಳಾಗಿ ಸಾಯುವ ಹುಡುಗಿ ಮೇಧಾ, ಜಾನಕಿಯವರ ಒಬ್ಬಳೇ ಮಗಳು. ಸಿನಿಮಾದಲ್ಲಿ ಅವಳು ಸತ್ತದ್ದು ಜನವರಿಯಲ್ಲಿ. ಸೆಪ್ಟೆಂಬರಿನಲ್ಲಿ ಡೆಂಗಿ ಬಂದು ಆರನೇ ದಿನ ನಿಜವಾಗಿಯೇ ಹೋಗಿಬಿಟ್ಟಳು. ಇಪ್ಪತ್ತನಾಲ್ಕು ವರ್ಷ. ಜಾನಕಿಯವರು ಎರಡು ತಿಂಗಳಿಂದ ಮನೆ ಬಿಟ್ಟು ಎಲ್ಲೂ ಹೋದವರಲ್ಲ. ಈ ಸಿನಿಮಾಕ್ಕೆ ಮಾತ್ರ ಬಂದಿದ್ದರು. ಬರುವ ಮೊದಲು ಫೋನಿನಲ್ಲಿ ಚಂದ್ರಹಾಸನಿಗೆ ಹೇಳಿದ್ದರು: “ಫೋಟೋ ಬೇಕಾದಷ್ಟಿವೆ ಕಣಪ್ಪ. ಅವಳ ದನಿ ಮಾತ್ರ ನಮ್ಮ ಹತ್ರ ಎಲ್ಲೂ ಇಲ್ಲ. ಒಂದ್ಸಲ ಕೇಳಿಸ್ಕೊಂಡು ಬಂದ್ಬಿಡ್ತೀನಿ.”

ಚಂದ್ರಹಾಸ ಬನ್ನಿ ಆಂಟಿ ಎಂದು ಫೋನ್ ಇಟ್ಟುಬಿಟ್ಟಿದ್ದ. ಸಿನಿಮಾದಲ್ಲಿ ಇದ್ದದ್ದು ಮೇಧಾಳ ದನಿ ಅಲ್ಲ.

ಆದದ್ದು ಇಷ್ಟು. ಮೇಧಾಳ ಅಪ್ಪ ರಾಜಗೋಪಾಲ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದವರು. ನಂಜನಗೂಡು ಬಿಟ್ಟು ಕೋಲ್ಕತ್ತಾಕ್ಕೆ ಬಂದು ಮೂವತ್ತು ವರ್ಷ. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಬಂಗಾಳಿ ಹುಡುಗಿಯೇ ಆಗಿ ಬೆಳೆದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಬಾಯಿಗೆ ಬರುತ್ತಿರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ಮಗಳು ಬಂಗಾಳಿಯಲ್ಲಿ ಉತ್ತರ ಕೊಡುತ್ತಿದ್ದಳು. ಜಾನಕಿಯವರು ಅದಕ್ಕಾಗಿ ಬೈದದ್ದು, ಮುನಿಸಿಕೊಂಡದ್ದು, ಎರಡೆರಡು ದಿನ ಮಾತು ಬಿಟ್ಟದ್ದು ಸಂಘದವರಿಗೆಲ್ಲ ಗೊತ್ತಿದ್ದ ಸಂಗತಿ. ಅಂಥ ಹುಡುಗಿ ಚಂದ್ರಹಾಸನ ಆಫೀಸಿಗೇ ಕೆಲಸಕ್ಕೆ ಸೇರಿ, ಇವರದು ಕನ್ನಡ ಸಿನಿಮಾ ಎಂದು ತಿಳಿದು, ತಾನೇ ಬಂದು ಬಂಗಾಳಿಯಲ್ಲೇ, ಅಣ್ಣ ಅನ್ನುವಲ್ಲಿ ‘ದಾ’ ಹಚ್ಚಿ, ಕೇಳಿದಳು. “ಚಂದ್ರುದಾ, ನನಗೂ ಒಂದು ಪಾರ್ಟ್ ಕೊಡಿ. ಅಮ್ಮನಿಗೆ ಸರ್‌ಪ್ರೈಸ್.”

ಚಂದ್ರಹಾಸ ಕೊಟ್ಟ. ಮುಖ ಚೆನ್ನಾಗಿತ್ತು, ಕಿರುಚುವುದು ಚೆನ್ನಾಗಿ ಬರುತ್ತಿತ್ತು. ಆದರೆ ಅವಳ ಹನ್ನೊಂದು ಮಾತುಗಳನ್ನು ಶೂಟಿಂಗ್ ಮುಗಿದ ಮೇಲೆ ಕೇಳಿದಾಗ ಇವನು ತಲೆ ಚಚ್ಚಿಕೊಂಡ. ಹೆದರಿಸುವ ಸಿನಿಮಾದಲ್ಲಿ ಇಂಥ ಕನ್ನಡವೇ? ಹೊರಗಿನ ರಿಕ್ಷಾ ಹಾರನ್ನು ಅವನಿಗೆ ಕೇಳಿಸಲಿಲ್ಲ, ಐಡಿ ಕಾರ್ಡ್ ಕಾಣಿಸಲಿಲ್ಲ, ಈ ಹುಡುಗಿಯ ಉಚ್ಚಾರ ಮಾತ್ರ ಕಿವಿಗೆ ಚುಚ್ಚಿತು. ಮೈಸೂರಿನವನಲ್ಲವೇ, ಭಾಷೆಯ ಕೊಬ್ಬು! ಬೆಂಗಳೂರಿನಿಂದ ಬಂದಿದ್ದ ಸಹೋದ್ಯೋಗಿ ಇಂಚರಳನ್ನು ತನ್ನ ರೂಮಿಗೆ ಕರೆಸಿ, ಹೊರಗಿನ ಸದ್ದು ಬಾರದಂತೆ ರಜಾಯಿ ಹೊದಿಸಿ ಕೂರಿಸಿ, ಕಂಪ್ಯೂಟರಿನ ಮೈಕಿನಲ್ಲಿ ಹನ್ನೊಂದು ಮಾತನ್ನೂ ಹೇಳಿಸಿ ಅಂಟಿಸಿದ. ಮೂಲ ಟೇಪುಗಳು ಕ್ಯಾಮೆರಾ ಬಾಡಿಗೆಗೆ ಕೊಟ್ಟಿದ್ದ ಬಾರಾನಗರದ ಮದುವೆ ವಿಡಿಯೋದವನವು. ಅವನು ವಾಪಸು ತಗೊಂಡು ಅವುಗಳ ಮೇಲೆ ಯಾರದೋ ಮದುವೆ ತುಂಬಿಸಿದ. ಈಗ ಅವುಗಳನ್ನು ಹಾಕಿದರೆ ಬರೀ ಶಂಖ, ಬಂಗಾಳಿ ಹೆಂಗಸರು ಮದುವೆಯಲ್ಲಿ ಕೂಗುವ ಉಲೂ ಉಲೂ.

ಮೇಧಾ ಬದುಕಿದ್ದಾಗ ಅಮ್ಮನಿಗೆ ಇದನ್ನು ಹೇಳಿರಲಿಲ್ಲ. ಹೇಗೆ ಹೇಳಿಯಾಳು? ಸತ್ತ ಮೇಲೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಇಂಚರ ಅವತ್ತು ಹಾಲಿಗೇ ಬರಲಿಲ್ಲ. “ನಾನು ಬಾಯಿ ಬಿಟ್ರೆ ಆಂಟಿಗೆ ಗೊತ್ತಾಗ್ಬಿಡತ್ತೆ. ನೀನು ಮಾಡಿದ್ದು, ನೀನೇ ನೋಡ್ಕೋ,” ಎಂದಿದ್ದಳು.

ಲೈಟು ಆರಿತು. ಹತ್ತು ನಿಮಿಷಕ್ಕೇ ಹಾಲಿನಲ್ಲಿ ಕಿಸಿಕಿಸಿ ಶುರುವಾಯಿತು. ಐಡಿ ಕಾರ್ಡ್ ಕಂಡಾಗ ಯಾರೋ “ಶಿಫ್ಟ್ ಮುಗಿಸ್ಕೊಂಡು ಬಂದಿದಾನೆ ಪಾಪ” ಎಂದರು, ಹಿಂದಿನ ಸಾಲುಗಳು ಹೊಟ್ಟೆ ಹಿಡಿದು ನಕ್ಕವು. ಮೇಧಾ ಬಂದಾಗ ಮಾತ್ರ ಗೊತ್ತಿದ್ದವರೆಲ್ಲ ಸುಮ್ಮನಾದರು. ಪರದೆಯ ಮೇಲೆ ಹಳದಿ ಚೂಡಿದಾರ್ ಹಾಕಿದ ಹುಡುಗಿ ಬಾಗಿಲು ಬಡಿಯುತ್ತ, ರೇಡಿಯೋದಲ್ಲಿ ವಾರ್ತೆ ಓದುವಷ್ಟು ಅಚ್ಚುಕಟ್ಟಾದ ಕನ್ನಡದಲ್ಲಿ ಬೇಡಿಕೊಂಡಳು: “ನನ್ನನ್ನು ಬಿಟ್ಟುಬಿಡು. ಮನೆಯಲ್ಲಿ ಅಮ್ಮ ಕಾಯ್ತಾ ಇರ್ತಾಳೆ.”

ಜಾನಕಿಯವರ ಬೆನ್ನು ನೆಟ್ಟಗಾಯಿತು. ಈಗ ಎದ್ದು ತಿರುಗುತ್ತಾರೆ, ಇದು ನನ್ನ ಮಗಳಲ್ಲ ಅನ್ನುತ್ತಾರೆ ಎಂದು ಚಂದ್ರಹಾಸ ಅಂದುಕೊಂಡ. ಅವರು ಏಳಲಿಲ್ಲ.

ಆಮೇಲೆ ಮೇಧಾ ಮೆಟ್ಟಿಲ ಮೇಲೆ ಸತ್ತುಬಿದ್ದಳು. ಕ್ಯಾಮೆರಾ ಅವಳ ಮೇಲೆಯೇ ನಿಂತಿತ್ತು, ಭಯ ಹುಟ್ಟಿಸಲೆಂದು ಚಂದ್ರಹಾಸ ಅಷ್ಟು ಹೊತ್ತು ಇಟ್ಟಿದ್ದ. ಹೆಣದ ಎದೆ ಏರಿಳಿಯುತ್ತಿತ್ತು. ಓಡಿ ಬಂದು ಬಿದ್ದವಳು, ಉಸಿರು ತಡೆಯಲಾಗಿರಲಿಲ್ಲ. ಹಿಂದಿನಿಂದ ವಿಷಯ ಗೊತ್ತಿಲ್ಲದ ಒಬ್ಬ, “ಏ, ಹೆಣ ಉಸಿರಾಡ್ತಿದೆ ಕಣ್ರೋ,” ಎಂದು ಕೂಗಿದ. ಪಕ್ಕದವರು ಅವನ ಬಾಯಿ ಮುಚ್ಚಿಸಿದರು. ಜಾನಕಿಯವರು ಮುಂದಕ್ಕೆ ಬಾಗಿ, ಮೊಣಕೈ ಮಂಡಿಗೂರಿ, ಆ ಉಸಿರನ್ನೇ ನೋಡುತ್ತ ಕೂತರು. ಚಂದ್ರಹಾಸನಿಗೆ ಅದನ್ನು ನೋಡಲಾಗಲಿಲ್ಲ, ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತ.

ಸಿನಿಮಾ ಮುಗಿದ ಮೇಲೆ ಜಾನಕಿಯವರು ಅವನನ್ನು ಹುಡುಕಿಕೊಂಡು ಬಂದರು. ಕಣ್ಣು ಕೆಂಪಗಿದ್ದವು. “ನಂಗೊಂದು ಸೀಡಿ ಮಾಡಿಕೊಡಪ್ಪ,” ಎಂದರು, ಅಷ್ಟೇ. ಅವನು ಬದುಕಿದೆನಪ್ಪ ಎಂದುಕೊಂಡ. ಮಗಳ ಬಾಯಲ್ಲಿ ಕನ್ನಡ ಕೇಳಿಯೇ ಇರದ ತಾಯಿ, ಹಾಲಿನ ಕರಕರ ಸ್ಪೀಕರು, ಅವರಿಗೇ ಗೊತ್ತಾಗಲಿಲ್ಲ ಎಂದ ಮೇಲೆ ಇನ್ನು ಯಾರು ಹೇಳಬೇಕು? ಆ ದನಿಯೇ ಮಗಳದು ಎಂದು ನಂಬಿಕೊಂಡು ನೆಮ್ಮದಿಯಾಗಿರಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಳ್ಳು ಹೇಳಿದ್ದಲ್ಲ, ಸುಮ್ಮನಿದ್ದದ್ದು ಅಷ್ಟೇ. ಹೀಗೆಲ್ಲ ಲೆಕ್ಕ ಹಾಕುವುದರಲ್ಲಿ ಆಸಾಮಿ ಗಟ್ಟಿಗ.

ಮುಂದಿನ ಭಾನುವಾರ ಮಧ್ಯಾಹ್ನ ಸೀಡಿ ಹಿಡಿದುಕೊಂಡು ಅವರ ಮನೆಗೆ ಹೋದ. ಕೊಟ್ಟು, ಕಾಫಿ ಕುಡಿದು, ಹತ್ತು ನಿಮಿಷಕ್ಕೆ ಎದ್ದುಬಿಡುವುದು ಅಂತ ಇತ್ತು. ರಾಜಗೋಪಾಲರು ಒಳಕೋಣೆಯಲ್ಲಿ ಮಲಗಿದ್ದರು. ರಿಟೈರಾಗಿ ವರ್ಷವಾಗಿತ್ತು. ಮಗಳು ಹೋದ ಮೇಲೆ ಮಧ್ಯಾಹ್ನವೆಲ್ಲ ಮಲಗಿಯೇ ಇರುತ್ತಾರೆ, ಸಿನಿಮಾಕ್ಕೂ ಬಂದಿರಲಿಲ್ಲ. ಜಾನಕಿಯವರು ಕಾಫಿ ತಂದಿಟ್ಟು ಎದುರು ಕೂತರು. ಸೀಡಿಯನ್ನು ಮುಟ್ಟಲಿಲ್ಲ.

“ಚಂದ್ರು, ಒಂದು ಮಾತು ಕೇಳ್ತೀನಿ. ಮುಚ್ಚುಮರೆ ಮಾಡ್ಬೇಡ.”

“ಕೇಳಿ ಆಂಟಿ.”

“ಅವಳು ನಿಮ್ಮ ಜೊತೆಯೆಲ್ಲ ಹಂಗೇ ಕನ್ನಡ ಮಾತಾಡ್ತಿದ್ಲಾ?”

ಅವನು ಲೋಟ ಕೆಳಗಿಟ್ಟ.

“ಎಷ್ಟು ಚೆನ್ನಾಗಿ ಮಾತಾಡಿದಾಳೆ! ನಮ್ಮತ್ತೆ ಮಾತಾಡ್ದಂಗಿತ್ತು. ಒಂದು ಅಕ್ಷರ ಆಚೆ ಈಚೆ ಇಲ್ಲ.” ಜಾನಕಿಯವರು ಸೆರಗನ್ನು ಮಡಿಸುತ್ತ, ಬಿಚ್ಚುತ್ತ ಇದ್ದರು. “ವಾರದಿಂದ ನಿದ್ದೆ ಇಲ್ಲ ಕಣಪ್ಪ ನಂಗೆ. ಇಷ್ಟು ಬರ್ತಿತ್ತು ಅಂತಾದ್ರೆ ನನ್ನ ಹತ್ರ ಯಾಕೆ ಒಂದಿನಾನೂ ಮಾತಾಡ್ಲಿಲ್ಲ? ನಾನು ಬೈತಿದ್ದೆ, ನಿಜ. ನಾಲ್ಕು ಜನರ ಮುಂದೆ ಆಡ್ಕೊಂಡಿದೀನಿ, ನಿಜ. ಅದಕ್ಕೆ ಹಠ ಸಾಧಿಸಿದ್ಲಾ? ಆಸ್ಪತ್ರೇಲೂ ಮಾ, ಜೊಲ್ ಅಂದ್ಲೇ ಹೊರತು ನೀರು ಅನ್ನಲಿಲ್ಲ. ಅಷ್ಟು ಸಿಟ್ಟಿತ್ತಾ ನನ್ಮೇಲೆ? ಬೇರೆಯವರಿಗೆಲ್ಲ ಕೊಟ್ಟು ನಂಗೊಬ್ಬಳಿಗೇ ಇಲ್ಲ ಅನ್ನೋವಷ್ಟು?”

ವಾರವಿಡೀ ಚಂದ್ರಹಾಸ ತಾನು ಪುಣ್ಯದ ಕೆಲಸ ಮಾಡಿದೆ ಅಂದುಕೊಂಡು ಓಡಾಡಿದ್ದ. ಇಲ್ಲಿ ಈ ಹೆಂಗಸು, ಸತ್ತ ಮಗಳ ಸಿಟ್ಟನ್ನು ಲೆಕ್ಕ ಹಾಕುತ್ತ ವಾರವಿಡೀ ಕೂತಿದ್ದರು. ಇಲ್ಲದ ಸಿಟ್ಟು, ಅವನೇ ಅಂಟಿಸಿಕೊಟ್ಟ ಸಿಟ್ಟು. ಸುಮ್ಮನೆ ಎದ್ದು ಹೋಗಿಬಿಡಲೇ ಎಂದು ಆಗಲೂ ಅನ್ನಿಸಿತು. ನಾಚಿಕೆಯಾಯಿತು.

“ಅದು ಮೇಧಾ ದನಿ ಅಲ್ಲ ಆಂಟಿ.”

ಅವರಿಗೆ ಅರ್ಥವಾಗಲಿಲ್ಲ. ಅವನು ಎಲ್ಲ ಹೇಳಿದ. ಇಂಚರ, ರಜಾಯಿ, ಮೈಕು, ಟೇಪಿನ ಮೇಲೆ ತುಂಬಿದ ಮದುವೆ. ಮೇಧಾ ಹನ್ನೊಂದು ಮಾತನ್ನೂ ಒಂದು ತಿಂಗಳು ಬಾಯಿಪಾಠ ಮಾಡಿಕೊಂಡಿದ್ದಳು, ಆಫೀಸಿನ ಕ್ಯಾಬ್‌ನಲ್ಲಿ ಕಿಟಕಿ ಕಡೆ ತಿರುಗಿ ಹೇಳಿಕೊಳ್ಳುತ್ತಿದ್ದಳು, ಅಮ್ಮನಿಗೆ ಕೇಳಿಸಬೇಕು ಅಂತಲೇ ಪಾರ್ಟು ಕೇಳಿದ್ದಳು. ದನಿ ಬದಲಾಯಿಸಿದ್ದೇವೆ ಎಂದಾಗ “ಓಕೆ ಚಂದ್ರುದಾ” ಎಂದಳು, ಆಮೇಲೆ ಒಂದು ವಾರ ಅವರ ಟೇಬಲ್ಲಿಗೆ ಊಟಕ್ಕೆ ಬರಲಿಲ್ಲ. “ಸಿಟ್ಟಿದ್ದಿದ್ರೆ ನನ್ಮೇಲೆ ಇದ್ದಿರಬೇಕು ಆಂಟಿ. ನಿಮ್ಮ ಮೇಲಲ್ಲ.”

ಜಾನಕಿಯವರು ಸೀಡಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ಬಾಲಿಗಂಜ್ ಬಾಲಿಗಂಜ್ ಎಂದು ಕೂಗುತ್ತಿದ್ದ. ಬೈಯುತ್ತಾರೆ, ಸೀಡಿ ಮುಖದ ಮೇಲೆ ಎಸೆಯುತ್ತಾರೆ ಎಂದು ಚಂದ್ರಹಾಸ ಕಾದ. ಬೈದಿದ್ದರೆ ಹಗುರವಾಗುತ್ತಿತ್ತು.

“ಹಂಗಾದ್ರೆ ಅವಳ ದನಿ ಎಲ್ಲೂ ಇಲ್ಲ,” ಎಂದರು ಕೊನೆಗೆ.

“ಇಲ್ಲ ಆಂಟಿ.”

“ಅವಳು ಹೇಗೆ ಹೇಳಿದ್ಲು? ಅಮ್ಮ ಕಾಯ್ತಾ ಇರ್ತಾಳೆ ಅನ್ನೋದನ್ನ?”

ಚಂದ್ರಹಾಸ ತಲೆ ತಗ್ಗಿಸಿದ. ಹೇಗೆ ಹೇಳಿದ್ದಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅವನಷ್ಟು ಚೆನ್ನಾಗಿ ಇನ್ನು ಯಾರಿಗೂ ಗೊತ್ತಿರಲಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ, ಕ್ಯಾಬ್‌ನಲ್ಲಿ, ಇಂಚರಳ ಹುಟ್ಟುಹಬ್ಬದಲ್ಲಿ, ಕೇಳಿದವರಿಗೆಲ್ಲ ಅದನ್ನು ಮಾಡಿ ತೋರಿಸಿದ್ದ. ಆ ಎಳೆತ, ಕೊನೆಯ ಅಕ್ಷರವನ್ನು ಜೋಕಾಲಿಯಂತೆ ಮೇಲಕ್ಕೆ ಬಿಡುವುದು, ‘ಅ’ ಎಲ್ಲ ‘ಒ’ ಆಗುವುದು. ಜನ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದರು. ಒಂದು ಸಲ ಮೇಧಾ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದಳು. ಇದನ್ನೂ ಹೇಳಿದ.

“ಆಡ್ಕೊಳ್ತಿದ್ದೆ ಅನ್ನು,” ಎಂದರು ಜಾನಕಿ.

“ಹೂಂ.”

“ನಾನೂ ಅಷ್ಟೇ ಮಾಡಿದ್ದು.” ಸೆರಗಿನಿಂದ ಮುಖ ಒರೆಸಿಕೊಂಡರು. “ಮಾಡಿ ತೋರಿಸು.”

“ಬೇಡ ಆಂಟಿ.”

“ಊರಿಗೆಲ್ಲ ತೋರಿಸಿದೀಯ. ನಂಗೆ ತೋರಿಸೋಕೇನು?”

ಅವನು ನೆಲ ನೋಡುತ್ತ, ಅವರ ಮುಖ ನೋಡದೆ, ಹೇಳಿದ: “ನೊನ್ನನ್ನು ಬಿಟ್ಟುಬಿಡೋ. ಮೊನೆಯಲ್ಲಿ ಅಮ್ಮೊ ಕಾಯ್ತಾ ಇದೆ...”

ಜಾನಕಿಯವರ ಬಾಯಿಂದ ಒಂದು ಸದ್ದು ಹೊರಟಿತು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು, ಕೈಯನ್ನು ಗಾಳಿಯಲ್ಲಿ ಆಡಿಸಿ, ಇನ್ನೊಂದು ಸಲ ಎಂದರು. ಅವನು ಇನ್ನೊಂದು ಸಲ ಹೇಳಿದ, ಈ ಸಲ ಜೋರಾಗಿ, ಎಳೆತವನ್ನು ಸರಿಯಾಗಿ ಎಳೆದು, ಕೊನೆಯ ಅಕ್ಷರವನ್ನು ಅವಳು ಬಿಡುತ್ತಿದ್ದಲ್ಲಿಗೇ ಬಿಟ್ಟು.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಏನೋ ಉರುಳಿಬಿತ್ತು. ರಾಜಗೋಪಾಲರು ಬಾಗಿಲಿಗೆ ಬಂದು ನಿಂತರು. ಕನ್ನಡಕ ಇಲ್ಲ, ಪಂಚೆ ಅರ್ಧ ಬಿಚ್ಚಿತ್ತು, ಓಡಿ ಬಂದದ್ದಕ್ಕೆ ಏದುಸಿರು. ಗಂಡಸಿನ ಗಂಟಲೋ ಹೆಣ್ಣಿನದೋ ಎಂದು ನಿದ್ದೆಗಣ್ಣಿಗೆ ತಿಳಿಯುತ್ತದೆಯೇ? ಹೆಂಡತಿಯನ್ನು ನೋಡಲಿಲ್ಲ, ಚಂದ್ರಹಾಸನನ್ನೂ ನೋಡಲಿಲ್ಲ. ಕೋಣೆಯ ಮೂಲೆಮೂಲೆಗೂ ಕಣ್ಣಾಡಿಸಿದರು.

“ಎಲ್ಲಿ?” ಎಂದರು.

ಜಾನಕಿಯವರು ಎದ್ದು ಹೋಗಿ ಗಂಡನ ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಪಂಚೆಯ ತುದಿ ಸರಿಮಾಡಿದರು. ಆಮೇಲೆ ಚಂದ್ರಹಾಸನ ಕಡೆ ತಿರುಗಿದರು.

“ಹನ್ನೊಂದು ಮಾತು ಅಂದ್ಯಲ್ಲ, ಇನ್ನೂ ಹತ್ತಿದೆ,” ಎಂದರು. “ಹೇಳು. ಇವರಿಗೂ ಕೇಳಿಸ್ಲಿ.”